ಜಪಾನ್ ಸರ್ಕಾರದ ತಳಮಟ್ಟದ ಅನುದಾನ: ಗೋಡೆಗೆ ಹಣ ಉಂಟು, ಸಂಬಳಕ್ಕೆ ಇಲ್ಲ

ಮಲೆನಾಡಿನ ಒಂದು ಹೋಬಳಿ ಊರಿನಲ್ಲಿ ವಿಶೇಷ ಚೇತನ ಮಕ್ಕಳಿಗಾಗಿ ಹಗಲು ಶಾಲೆ ನಡೆಸುತ್ತಿರುವ ಸಣ್ಣ ಟ್ರಸ್ಟ್ ಒಂದರಲ್ಲಿ ನಾನು ಹಲವು ವರ್ಷಗಳಿಂದ ಖಜಾಂಚಿಯಾಗಿದ್ದೇನೆ. ಎರಡು ತರಗತಿ ಕೋಣೆ, ಒಂದು ಫಿಸಿಯೋಥೆರಪಿ ಕೋಣೆ, ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಗುವಷ್ಟು ಅಗಲದ ಬಾಗಿಲಿರುವ ಶೌಚಾಲಯ, ಇಷ್ಟನ್ನು ಕಟ್ಟಿಸಿಕೊಳ್ಳಲು ನಾವು ಆಶ್ರಯಿಸಿದ್ದು ಜಪಾನ್ ಸರ್ಕಾರದ ‘ಗ್ರ್ಯಾಂಟ್ ಅಸಿಸ್ಟೆನ್ಸ್ ಫಾರ್ ಗ್ರಾಸ್‌ರೂಟ್ಸ್ ಹ್ಯೂಮನ್ ಸೆಕ್ಯುರಿಟಿ ಪ್ರಾಜೆಕ್ಟ್ಸ್’ ಎಂಬ ಅನುದಾನವನ್ನು. ಹೆಸರು ಉದ್ದವಾದ್ದರಿಂದ ಎಲ್ಲರೂ ಜಿಜಿಪಿ ಎಂದೇ ಕರೆಯುತ್ತಾರೆ. ಇದೇ ದಾರಿ ಹಿಡಿಯಬೇಕೆಂದಿರುವ ಬೇರೆ ಟ್ರಸ್ಟ್‌ಗಳವರು ಆಗಾಗ ಫೋನ್ ಮಾಡಿ, ಹಣ ನಿಜವಾಗಿ ಬರುತ್ತದೆಯೇ, ಲೆಕ್ಕ ಒಪ್ಪಿಸುವುದು ಕಷ್ಟವೇ, ನಮ್ಮಂಥವರಿಗೆ ಇದು ಹೊಂದುತ್ತದೆಯೇ ಎಂದು ಕೇಳುತ್ತಿರುವುದರಿಂದ, ತಿಳಿದಷ್ಟನ್ನು ಒಂದೆಡೆ ಬರೆದಿಡುವುದು ಒಳ್ಳೆಯದೆನಿಸಿತು.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಜಪಾನಿನ ನೆರವು ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜೈಕಾ, ಅಂದರೆ ಜಪಾನ್ ಸರ್ಕಾರದ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ. ನಮ್ಮ ಮೆಟ್ರೋದ ಮೊದಲ ಹಂತಕ್ಕೆ, 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಕುಡಿಯುವ ನೀರಿನ ಯೋಜನೆಗೆ ಬಂದದ್ದು ಜೈಕಾದ ಸಾಲ. ಅದನ್ನು ಪಡೆಯುವವು ಸರ್ಕಾರಗಳು, ತೀರಿಸಬೇಕಾದವೂ ಅವೇ. ಜಿಜಿಪಿಯ ಜಾತಿಯೇ ಬೇರೆ. 1989ರಲ್ಲಿ ಆರಂಭವಾಗಿ, 2003ರಲ್ಲಿ ‘ಮಾನವ ಭದ್ರತೆ’ ಎಂಬ ಮಾತನ್ನು ಹೆಸರಿಗೆ ಸೇರಿಸಿಕೊಂಡ ಈ ಯೋಜನೆಯಲ್ಲಿ, ಆಯಾ ದೇಶದಲ್ಲಿರುವ ಜಪಾನಿನ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಅಲ್ಲಿನ ಸ್ವಯಂಸೇವಾ ಸಂಸ್ಥೆ, ಶಾಲೆ, ಆಸ್ಪತ್ರೆ, ಸ್ಥಳೀಯ ಆಡಳಿತ ಮುಂತಾದ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳೊಂದಿಗೆ ನೇರವಾಗಿ ವ್ಯವಹರಿಸುತ್ತದೆ. ಮರುಪಾವತಿಯ ಪ್ರಶ್ನೆಯೇ ಇಲ್ಲ. ಬೆಂಗಳೂರಿನ ಕಚೇರಿ 2020ರ ಜನವರಿಯಲ್ಲಿ ಪೂರ್ಣಪ್ರಮಾಣದ ಕಾನ್ಸುಲೇಟ್ ಜನರಲ್ ಆದದ್ದರಿಂದ ಕರ್ನಾಟಕದವರಿಗೆ ಬಾಗಿಲು ಸ್ವಲ್ಪ ಹತ್ತಿರವಾಗಿದೆ. ಜಪಾನಿ ಭಾಷೆಯಲ್ಲಿ ಇದನ್ನು ‘ಕುಸಾನೋನೆ’, ಅಂದರೆ ಹುಲ್ಲಿನ ಬೇರು, ಎನ್ನುತ್ತಾರೆ. ಗರಿಕೆಯ ಬೇರು ಎಷ್ಟು ಬಿಗಿಯಾಗಿ ನೆಲ ಕಚ್ಚುತ್ತದೆಂಬುದನ್ನು ಗದ್ದೆಯ ಬದುವಿನಲ್ಲಿ ನೋಡಿ ಬೆಳೆದ ನನಗೆ ಈ ಹೆಸರು ಇಷ್ಟವಾಯಿತು.

ಒಂದು ಯೋಜನೆಗೆ ಬಹುಕಾಲ ಇದ್ದ ಸಾಮಾನ್ಯ ಮಿತಿ 1 ಕೋಟಿ ಯೆನ್. ಕೋಟಿ ಎಂಬ ಮಾತು ಕೇಳಿ ಹಿಗ್ಗುವವರು ಯೆನ್‌ಗೆ 60 ಪೈಸೆಯಂತೆ ಲೆಕ್ಕ ಹಾಕಿದರೆ 60 ಲಕ್ಷ ರೂಪಾಯಿ ಎಂದೂ, ದರ 55 ಪೈಸೆಗೆ ಇಳಿದರೆ ಅದರಲ್ಲಿ 5 ಲಕ್ಷ ಕರಗುತ್ತದೆಂದೂ ತಿಳಿದಿರಬೇಕು. ಎಸ್ಟಿಮೇಟನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುವುದು ಜಾಣತನವಲ್ಲ. ಈ ಹಣ ಕಟ್ಟಡಕ್ಕೆ, ಉಪಕರಣಕ್ಕೆ, ಆಂಬುಲೆನ್ಸ್‌ನಂಥ ವಾಹನಕ್ಕೆ, ಕೊಳವೆಬಾವಿಗೆ ಸಿಗುತ್ತದೆ. ಶಿಕ್ಷಕರ ಸಂಬಳಕ್ಕೆ, ಡೀಸೆಲ್‌ಗೆ, ಔಷಧಿಗೆ, ಕಚೇರಿಯ ಬಾಡಿಗೆಗೆ, ದಿನಭತ್ಯೆಗೆ ಸಿಗುವುದಿಲ್ಲ. ನಮ್ಮ ಮೊದಲ ಕರಡಿನಲ್ಲಿ ಫಿಸಿಯೋಥೆರಪಿಸ್ಟರ ಎರಡು ವರ್ಷದ ಸಂಬಳವನ್ನೂ ಸೇರಿಸಿದ್ದೆವು. ನಿಯಮಾವಳಿಯನ್ನು ಮತ್ತೊಮ್ಮೆ ಓದಿದಾಗ ಆ ಪುಟವನ್ನು ಪೂರ್ತಿ ಹೊಡೆದುಹಾಕಬೇಕಾಯಿತು.

ಅರ್ಜಿಯಲ್ಲಿ ಅತಿ ಹೆಚ್ಚು ಓಡಾಟ ಬೇಡುವುದು ಕೊಟೇಶನ್‌ಗಳು. ಕೊಳ್ಳುವ ಪ್ರತಿ ವಸ್ತುವಿಗೂ, ಕಟ್ಟಡದ ಕೆಲಸಕ್ಕೂ ಮೂರು ಬೇರೆ ಬೇರೆ ಕಡೆಯಿಂದ ದರಪಟ್ಟಿ ತರಬೇಕು. ತಾಲ್ಲೂಕು ಕೇಂದ್ರದಲ್ಲಿ ಮಕ್ಕಳ ವ್ಯಾಯಾಮದ ಸಮಾನಾಂತರ ಕಂಬಿ, ನಿಲ್ಲಿಸಿ ಕಟ್ಟುವ ಚೌಕಟ್ಟು ಇಂಥವನ್ನು ಮಾರುವ ಅಂಗಡಿಯೇ ಇಲ್ಲ. ಜಿಲ್ಲಾ ಕೇಂದ್ರದ ಒಬ್ಬ ಅಂಗಡಿಯವರು ನನ್ನನ್ನು ಕೂರಿಸಿ, ಕಾಫಿ ತರಿಸಿ, ಮೇಜಿನ ಖಾನೆಯಿಂದ ಮೂರು ಬೇರೆ ಬೇರೆ ಹೆಸರಿನ ಲೆಟರ್‌ಹೆಡ್ ತೆಗೆದು, ‘ಯಾವುದರಲ್ಲಿ ಕಡಿಮೆ ಹಾಕಲಿ ಸರ್?’ ಎಂದು ಕೇಳಿದರು. ಮೂರರಲ್ಲೂ ಒಂದೇ ಫೋನ್ ನಂಬರ್ ಇತ್ತು. ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಏಕೆಂದರೆ ಅವರಲ್ಲಿಗೆ ಬರುವ ಎಷ್ಟೋ ಸಂಸ್ಥೆಗಳಿಗೆ ಬೇಕಾದದ್ದು ಅದೇ. ನಾನು ಕಾಫಿ ಕುಡಿದು ಎದ್ದು ಬಂದೆ. ಕೊನೆಗೆ ಒಂದು ಕೊಟೇಶನ್ ಹುಬ್ಬಳ್ಳಿಯಿಂದ, ಒಂದು ಮಂಗಳೂರಿನಿಂದ, ಒಂದು ಬೆಂಗಳೂರಿನಿಂದ ಬಂತು. ಅತಿ ಹೆಚ್ಚಿನ ದರಕ್ಕೂ ಅತಿ ಕಡಿಮೆ ದರಕ್ಕೂ ಇದ್ದ ಅಂತರ ಕಂಡ ಮೇಲೆ, ಈ ನಿಯಮದ ಬಗ್ಗೆ ನನಗಿದ್ದ ಬೇಸರ ಹೋಯಿತು. ಅಂದಿನಿಂದ ನಮ್ಮ ಟ್ರಸ್ಟಿನಲ್ಲಿ ಸ್ವಂತ ಹಣದಿಂದ ನೀರಿನ ಟ್ಯಾಂಕ್ ತರುವುದಿದ್ದರೂ ಮೂರು ಕಡೆ ವಿಚಾರಿಸುತ್ತೇವೆ.

ಈ ಅನುದಾನದ ಗುಣವೂ ದೋಷವೂ ಒಂದೇ ಕಡೆ ಇದೆ, ಅದು ಸಂಬಳ ಕೊಡುವುದಿಲ್ಲ ಎಂಬ ನಿಯಮದಲ್ಲಿ. ಕೆಲವು ವರ್ಷಗಳ ಹಿಂದೆ, ಬೇರೆಯೇ ಒಬ್ಬ ದಾನಿಯ ಹಣದಿಂದ ಸಜ್ಜಾದ ಒಂದು ಫಿಸಿಯೋಥೆರಪಿ ಕೇಂದ್ರವನ್ನು ನೋಡಲು ಹೋಗಿದ್ದೆ. ಕೋಣೆ ಚೊಕ್ಕಟವಾಗಿತ್ತು. ಒಳ್ಳೆಯ ಕಂಪನಿಯ ಯಂತ್ರವೊಂದರ ಮೇಲೆ ಹೂವಿನ ಚಿತ್ರವಿದ್ದ ಹಳೆಯ ಬೆಡ್‌ಶೀಟ್ ಹೊದಿಸಿ, ಅದರ ಮೇಲೆ ಶಾಲೆಯ ಹಾಜರಿ ಪುಸ್ತಕಗಳನ್ನು ಜೋಡಿಸಿದ್ದರು. ಸಂಬಳ ಕೊಡಲಾಗದೆ ಥೆರಪಿಸ್ಟ್ ಬಿಟ್ಟುಹೋಗಿದ್ದರು. ಆನೆ ತಂದು ಕಟ್ಟಿ ಮೇವಿಗೆ ಪರದಾಡುವ ಈ ಸ್ಥಿತಿ ನಮ್ಮ ಸಣ್ಣ ಸಂಸ್ಥೆಗಳಲ್ಲಿ ಅಪರೂಪವಲ್ಲ. ಜಿಜಿಪಿಯವರು ಮೇವಿನ ಪ್ರಶ್ನೆಯನ್ನು ಮೊದಲೇ ಕೇಳುತ್ತಾರೆ. ನಿಮ್ಮ ಹಿಂದಿನ ವರ್ಷಗಳ ಜಮಾಖರ್ಚು ಎಲ್ಲಿ, ಕಟ್ಟಡ ಮುಗಿದ ಮೇಲೆ ವಿದ್ಯುತ್ ಬಿಲ್ ಯಾರು ಕಟ್ಟುತ್ತಾರೆ, ಉಪಕರಣ ಕೆಟ್ಟರೆ ರಿಪೇರಿಗೆ ಹಣ ಯಾವ ಬಾಬ್ತಿನಿಂದ ಬರುತ್ತದೆ ಎಂಬುದಕ್ಕೆ ಬರಹದಲ್ಲಿ ಉತ್ತರವಿರಬೇಕು. ನಮ್ಮ ಶಾಲೆಗೆ ಬಂದವರು ತರಗತಿಗಿಂತ ಹೆಚ್ಚು ಹೊತ್ತು ಕಳೆದದ್ದು ನನ್ನ ಕ್ಯಾಶ್ ಬುಕ್ ಮುಂದೆ. ಹೀಗೆ ಕೇಳುವ ದಾನಿಯನ್ನು ನಾನು ಗೌರವಿಸುತ್ತೇನೆ. ಆದರೆ ಬಡ ಜಿಲ್ಲೆಯೊಂದರಲ್ಲಿ ಕೈಯಲ್ಲಿ ಏನೂ ಇಲ್ಲದೆ ಒಳ್ಳೆಯ ಕೆಲಸ ಮಾಡುತ್ತಿರುವ ಸಂಸ್ಥೆ ಇದೇ ಪ್ರಶ್ನೆಯ ಮುಂದೆ ಸೋತು ಹಿಂದಿರುಗುತ್ತದೆ ಎಂಬುದೂ ಅಷ್ಟೇ ನಿಜ. ಮೊದಲ ವರ್ಷದ ಸಂಬಳದಲ್ಲಿ ಕಾಲು ಭಾಗವನ್ನಾದರೂ ಕೊಡುವ ಅವಕಾಶವಿದ್ದಿದ್ದರೆ ಈ ಯೋಜನೆ ಎಷ್ಟೋ ಹೆಚ್ಚು ಜನರನ್ನು ಮುಟ್ಟುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ನಮ್ಮ ದೇಶದ ಕಡೆಯ ಕಾಗದಪತ್ರ. ವಿದೇಶಿ ಸರ್ಕಾರದ ಹಣ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎಯ, ವ್ಯಾಪ್ತಿಗೆ ಬರುತ್ತದೆ. 2020ರ ತಿದ್ದುಪಡಿಯ ನಂತರ ಇಂಥ ಹಣ ಮೊದಲು ಬಂದು ಬೀಳಬೇಕಾದದ್ದು ನವದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ. ಖಾತೆ ತೆರೆಯಲು ದೆಹಲಿಗೆ ಹೋಗಬೇಕಿಲ್ಲ, ಹತ್ತಿರದ ಶಾಖೆಯ ಮೂಲಕ ಕಾಗದ ಕಳಿಸಬಹುದು. ಹೊಸದಾಗಿ ನೋಂದಣಿ ಪಡೆಯುವ ಸಂಸ್ಥೆ ಕನಿಷ್ಠ 3 ವರ್ಷ ಹಳೆಯದಾಗಿರಬೇಕು, ಹಿಂದಿನ 3 ವರ್ಷಗಳಲ್ಲಿ ತನ್ನ ಉದ್ದೇಶಕ್ಕಾಗಿ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆದ್ದರಿಂದ ದೊಡ್ಡ ಸಂಸ್ಥೆಯೊಂದರ ನೋಂದಣಿಯ ನೆರಳಿನಲ್ಲಿ ಸಣ್ಣವರು ಹಣ ಪಡೆಯುತ್ತಿದ್ದ ಹಳೆಯ ರೂಢಿ ಈಗ ನಡೆಯುವುದಿಲ್ಲ. ವರ್ಷದ ಲೆಕ್ಕವನ್ನು ಎಫ್‌ಸಿ-4 ನಮೂನೆಯಲ್ಲಿ ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಇವೆಲ್ಲ ಜಿಜಿಪಿಯ ನಿಯಮಗಳಲ್ಲ, ಆದರೆ ಇವುಗಳಿಲ್ಲದೆ ಜಿಜಿಪಿಯೂ ಇಲ್ಲ. ನನಗೆ ಫೋನ್ ಮಾಡುವವರಲ್ಲಿ ಹೆಚ್ಚಿನವರ ದಾರಿ ನಿಲ್ಲುವುದು ಇಲ್ಲಿಯೇ, ಜಪಾನಿನವರ ಅರ್ಜಿಯನ್ನು ತೆರೆದು ನೋಡುವುದಕ್ಕೂ ಮುಂಚೆ.

ಒಪ್ಪಂದಕ್ಕೆ ಸಹಿಯಾದ ಮೇಲಿನ ಶಿಸ್ತು ಸರಳವಾಗಿದೆ, ಸಡಿಲವಾಗಿಲ್ಲ. ಒಂದು ವರ್ಷದೊಳಗೆ ಕೆಲಸ ಮುಗಿಯಬೇಕು. ಒಪ್ಪಿದ ಪಟ್ಟಿಯಲ್ಲಿ ಒಂದು ಕಿಟಕಿ ಬದಲಾಗುವುದಿದ್ದರೂ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ನಡುವೆ ಒಂದು ವರದಿ, ಕೊನೆಗೆ ಒಂದು ವರದಿ, ರಸೀದಿಗಳು, ಉಳಿದ ಹಣವಿದ್ದರೆ ಅದರ ಲೆಕ್ಕ. ಜಪಾನಿನ ಆರ್ಥಿಕ ವರ್ಷವೂ ನಮ್ಮದರಂತೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಇರುವುದು ಲೆಕ್ಕ ಬರೆಯುವವರಿಗೆ ದೊಡ್ಡ ಉಪಕಾರ. ಮಲೆನಾಡಿನವರು ಮಾತ್ರ ಒಂದು ವರ್ಷ ಎಂಬುದನ್ನು ಎಂಟು ತಿಂಗಳೆಂದೇ ಎಣಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರಳು ಲಾರಿ ಶಾಲೆಯ ದಾರಿ ಹತ್ತುವುದಿಲ್ಲ, ತಾರಸಿ ಹಾಕುವ ಮಾತೇ ಇಲ್ಲ. ಸಹಿ ಫೆಬ್ರವರಿ, ಮಾರ್ಚ್‌ನಲ್ಲಿ ಬಿದ್ದರೆ ಮಳೆ ಹಿಡಿಯುವ ಮೊದಲು ಪಾಯ ಎಬ್ಬಿಸಿ, ದಸರೆಯ ನಂತರ ಗೋಡೆ, ತಾರಸಿ ಎಂದು ಮೇಸ್ತ್ರಿಯೊಡನೆ ಮೊದಲೇ ಮಾತಾಗಿರಬೇಕು. ನಾವು ಕೆಲಸದ ವೇಳಾಪಟ್ಟಿಯಲ್ಲಿ ಈ ನಾಲ್ಕು ತಿಂಗಳನ್ನು ಖಾಲಿ ಬಿಟ್ಟು, ಕಾರಣವನ್ನು ಪಕ್ಕದಲ್ಲೇ ಬರೆದಿದ್ದೆವು.

ಬೇರೆ ಸರ್ಕಾರಗಳ ಇಂಥ ಅನುದಾನಗಳೊಂದಿಗೆ ಹೋಲಿಸಿದರೆ ಇದರ ಸ್ವಭಾವ ಇನ್ನಷ್ಟು ತಿಳಿಯಾಗುತ್ತದೆ. 1973ರಿಂದ ನಡೆದುಬಂದಿರುವ ಕೆನಡಾದ ‘ಕೆನಡಾ ಫಂಡ್ ಫಾರ್ ಲೋಕಲ್ ಇನಿಷಿಯೇಟಿವ್ಸ್’ ಕೂಡ ರಾಯಭಾರ ಕಚೇರಿಗಳ ಮೂಲಕವೇ ಸಿಗುತ್ತದೆ. ತರಬೇತಿ, ಮಹಿಳೆಯರ ಹಕ್ಕು, ಅರಿವು ಮೂಡಿಸುವ ಕೆಲಸಗಳಿಗೆ ಅದು ಹೆಚ್ಚು ಒಗ್ಗುತ್ತದೆ, ಯೋಜನೆಗೆ ನೇರವಾಗಿ ಸಂಬಂಧಿಸಿದ ಸಂಬಳಕ್ಕೂ ಅಲ್ಲಿ ಜಾಗವಿದೆ. ಕಟ್ಟಡ ಬೇಕಾದವರು ಜಪಾನಿನ ಕಡೆಗೂ, ಜನರ ನಡುವಿನ ಕೆಲಸಕ್ಕೆ ಹಣ ಬೇಕಾದವರು ಕೆನಡಾದಂಥವರ ಕಡೆಗೂ ನೋಡುವುದು ಸರಿ. ನಮ್ಮ ದೇಶವೂ ಕೊಡುವವರ ಸಾಲಿನಲ್ಲಿದೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ನೇಪಾಳದಲ್ಲಿ ಭಾರತ ಸರ್ಕಾರ 2003ರಿಂದ ಶಾಲೆ, ಆರೋಗ್ಯ ಕೇಂದ್ರ, ಕುಡಿಯುವ ನೀರಿನಂಥ ಸಣ್ಣ ಯೋಜನೆಗಳಿಗೆ ಅನುದಾನ ನೀಡುತ್ತಾ ಬಂದಿದೆ. ಒಂದು ಯೋಜನೆಗೆ 5 ಕೋಟಿ ನೇಪಾಳಿ ರೂಪಾಯಿಯಿದ್ದ ಮಿತಿಯನ್ನು 2024ರ ಜನವರಿಯಲ್ಲಿ 20 ಕೋಟಿಗೆ ಏರಿಸುವ ಒಪ್ಪಂದವಾಯಿತು. ಅಲ್ಲಿ ಕೆಲಸ ನಡೆಸುವುದು ನಗರಪಾಲಿಕೆ, ಗ್ರಾಮಪಾಲಿಕೆಗಳಂಥ ಸ್ಥಳೀಯ ಆಡಳಿತಗಳು. ಶಾಲೆ ಕಟ್ಟಿದ ಮೇಲೆ ಶಿಕ್ಷಕರ ಸಂಬಳ ಎಲ್ಲಿಂದ ಎಂಬ ಪ್ರಶ್ನೆಗೆ ಅಲ್ಲಿ ಸರ್ಕಾರಿ ಖಜಾನೆಯ ಉತ್ತರವಿದೆ. ನಮ್ಮಂಥ ಟ್ರಸ್ಟ್‌ಗಳಿಗೆ ಆ ಉತ್ತರ ಇಲ್ಲ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು: ಟ್ರಸ್ಟಿನ ಹೆಸರಿನಲ್ಲಿ ತಕರಾರಿಲ್ಲದ ಜಾಗ, ಚಾಲ್ತಿಯಲ್ಲಿರುವ ಎಫ್‌ಸಿಆರ್‌ಎ ನೋಂದಣಿ, ಮೂರು ವರ್ಷದ ಶುದ್ಧ ಲೆಕ್ಕ ಮತ್ತು ನಡೆಸುವ ಖರ್ಚಿಗೆ ಊರಿನಲ್ಲೇ ಒಂದು ಮೂಲ ಇರುವವರಿಗೆ ಇದಕ್ಕಿಂತ ಒಳ್ಳೆಯ ಅನುದಾನವನ್ನು ನಾನು ಕಂಡಿಲ್ಲ. ಹಣಕ್ಕಾಗಿ ಯಾರ ಹಿಂದೆಯೂ ಅಲೆಯಬೇಕಾಗಿಲ್ಲ, ಯಾರಿಗೂ ಕಮಿಷನ್ ಇಲ್ಲ, ಬಾಗಿಲ ಪಕ್ಕ ಜಪಾನಿನ ಬಾವುಟವಿರುವ ಒಂದು ಫಲಕ ಹಾಕಿದರೆ ಸಾಕು. ಅರ್ಜಿ ನಮೂನೆಯನ್ನು ತುಂಬುವ ಮೊದಲು ಪಹಣಿ ತೆಗೆಸಿ ನೋಡಿಕೊಳ್ಳಿ. ಜಾಗ ಇನ್ನೂ ದಾನಿಯ ತಾತನ ಹೆಸರಿನಲ್ಲೇ ಇದ್ದರೆ ಖಾತೆ ಬದಲಾವಣೆಗೇ ಒಂದು ವರ್ಷ ಬೇಕಾಗಬಹುದು.

ನಡೆಸುವ ಖರ್ಚಿನ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಒಂದು ಹಾಳೆಯದ್ದು. ಸುತ್ತಲಿನ ಊರುಗಳ ಇಪ್ಪತ್ತಮೂರು ಅಡಿಕೆ ಬೆಳೆಗಾರರು, ಪ್ರತಿವರ್ಷ ಕೊಯ್ಲು ಮುಗಿದ ಮೇಲೆ ತಮ್ಮ ಕೈಲಾದಷ್ಟನ್ನು ಥೆರಪಿಸ್ಟರ ಸಂಬಳಕ್ಕೆ ಕೊಡುವುದಾಗಿ ಬರೆದು ಸಹಿ ಹಾಕಿದ ಹಾಳೆ ಅದು. ಇಬ್ಬರು ಹೆಬ್ಬೆಟ್ಟು ಒತ್ತಿದ್ದರು. ಅದರ ಇಂಗ್ಲಿಷ್ ಅನುವಾದವನ್ನು ಅರ್ಜಿಗೆ ಲಗತ್ತಿಸಿ, ಮೂಲವನ್ನು ನಾನೇ ಇಟ್ಟುಕೊಂಡೆ. ಕಟ್ಟಡ ಏಳುವ ಮೊದಲೇ ಒಬ್ಬರು ತೀರಿಕೊಂಡರು. ಆ ವರ್ಷ ಅವರ ಪಾಲನ್ನು ಮಗ ತಂದುಕೊಟ್ಟು, ರಸೀದಿಯನ್ನು ಅಪ್ಪನ ಹೆಸರಿಗೇ ಬರೆಯಿರಿ ಎಂದರು. ಈ ವರ್ಷವೂ ಹಾಗೆಯೇ ಬರೆದಿದ್ದೇನೆ.