6 ಇಂಚಿನ ರಿಂಗಿನಲ್ಲೊಂದು ಜೀರ್ಜಿಂಬೆ: ಫೆಲ್ಟ್ ಕೀಟದ ಕಿಟ್ ಹೇಗಿದೆ?

ಎಂಬ್ರಾಯ್ಡರಿ ರಿಂಗಿನೊಳಗೆ ಫೆಲ್ಟ್ ಬಟ್ಟೆಯಿಂದ ಮೈದುಂಬಿದ ಕೀಟವೊಂದನ್ನು ಹೊಲಿದು ಗೋಡೆಗೆ ತೂಗುಹಾಕುವ ಕಿಟ್ ಒಂದನ್ನು ಕಳೆದ ತಿಂಗಳು ಆನ್‌ಲೈನ್‌ನಲ್ಲಿ 690 ರೂಪಾಯಿಗೆ ತರಿಸಿಕೊಂಡೆ. ಪೆಟ್ಟಿಗೆಯ ಮೇಲೆ ಬರೀ ‘ಹಸಿರು ಬೀಟಲ್’ ಎಂದು ಬರೆದಿದ್ದರೂ, ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಜೀರ್ಜಿಂಬೆ ಸಾಕಿದವರಿಗೆ ಆ ಚಿತ್ರದ ಕೀಟದ ಹೆಸರನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಕೊಂಡದ್ದೂ ಆ ಹಸಿರಿನ ಆಸೆಗೇ.

ಒಳಗೆ ಬಿದಿರಿನ ರಿಂಗು, ಬಿಳಿ ಕಾಟನ್ ಬಟ್ಟೆ, ಮೂರು ಬಣ್ಣದ ಫೆಲ್ಟ್ ಹಾಳೆ, ನಾಲ್ಕು ಲಡಿ ದಾರ, ತೆಳು ತಂತಿ, ಸೂಜಿ, ಒಂದಿಷ್ಟು ಮಣಿ ಮತ್ತು ಸೂಚನೆಯ ಹಾಳೆ ಇವೆ. ಸೂಚನೆಯಲ್ಲಿ ಕನ್ನಡವಿಲ್ಲ, ಆದರೆ ಚಿತ್ರಗಳು ಸ್ಪಷ್ಟವಾಗಿರುವುದರಿಂದ ಅದು ಅಷ್ಟೇನೂ ತೊಡಕಾಗುವುದಿಲ್ಲ.

ಕೊಟ್ಟ ಹಣಕ್ಕೆ ನಿಜವಾಗಿ ಸಿಗುವುದು ಆ ಸೂಚನೆಯ ಹಾಳೆಯೇ. ಕೀಟದ ಒಡಲನ್ನು ಉಬ್ಬಿಸಲು ಹತ್ತಿ ತುರುಕುವ ಬದಲು, ಒಂದಕ್ಕಿಂತ ಒಂದು ದೊಡ್ಡದಾದ ಮೂರು ಮೊಟ್ಟೆಯಾಕಾರದ ಫೆಲ್ಟ್ ತುಂಡುಗಳನ್ನು ಒಂದರ ಮೇಲೊಂದು ಹೊಲಿಯಬೇಕು. ಎಲ್ಲಕ್ಕಿಂತ ಚಿಕ್ಕದು ಮೊದಲು ಬಟ್ಟೆಯ ಮೇಲೆ ಕೂರುತ್ತದೆ, ದೊಡ್ಡದು ಕೊನೆಗೆ ಬಂದು ಎರಡನ್ನೂ ಮುಚ್ಚುತ್ತದೆ. ಈ ಕ್ರಮ ತಪ್ಪಿ ದೊಡ್ಡದನ್ನು ಕೆಳಗಿಟ್ಟರೆ ಬೆನ್ನಿನ ಮೇಲೆ ಮೆಟ್ಟಿಲು ಕಾಣುತ್ತದೆ ಎಂಬುದನ್ನೂ ಚಿತ್ರದಲ್ಲಿ ತೋರಿಸಿದ್ದಾರೆ. ರೆಕ್ಕೆಗಳನ್ನು ಬೇರೆಯಾಗಿ ಕತ್ತರಿಸಿ, ಅಂಚಿನುದ್ದಕ್ಕೂ ತಂತಿಯಿಟ್ಟು ಕಾಜಾ ಹೊಲಿಗೆಯಿಂದ ಬಿಗಿದು, ತಂತಿಯ ತುದಿಗಳನ್ನು ಬಟ್ಟೆಯ ಹಿಂದಕ್ಕೆ ಚುಚ್ಚಿ ಮಡಚಿ ಹೊಲಿದಾಗ, ರೆಕ್ಕೆ ಬುಡದಲ್ಲಿ ಮಾತ್ರ ನಿಂತು ಬೆರಳಿನಿಂದ ಎತ್ತಿ ಬಾಗಿಸುವಂತಾಗುತ್ತದೆ. 17ನೇ ಶತಮಾನದ ಇಂಗ್ಲೆಂಡಿನ ಸ್ಟಂಪ್‌ವರ್ಕ್ ಎಂಬ ಉಬ್ಬು ಕಸೂತಿಯ ದಾರಿ ಇದು. ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟಾಗಿರಬೇಕಾದ ನಮ್ಮ ಗವಂತಿ ಹೊಲಿಗೆಯಲ್ಲಿ ಕೈ ಪಳಗಿದವರು ಇದರ ಹಿಂಬದಿಯನ್ನು ನೋಡದಿರುವುದೇ ಲೇಸು.

ಸಾಮಗ್ರಿಯ ವಿಷಯದಲ್ಲಿ ಮಾತ್ರ ತಯಾರಕರು ಕೈ ಬಿಗಿಹಿಡಿದಿದ್ದಾರೆ. ಫೆಲ್ಟ್ ನೆಯ್ದ ಬಟ್ಟೆಯಲ್ಲವಾದ್ದರಿಂದ ಅಂಚಿನ ಎಳೆ ಬಿಚ್ಚುವುದಿಲ್ಲ, ಈ ಕೆಲಸಕ್ಕೆ ಅದನ್ನು ಆರಿಸುವುದೂ ಅದಕ್ಕಾಗಿಯೇ. ಆದರೆ ಕಿಟ್‌ನಲ್ಲಿರುವ ತೆಳುವಾದ ಸಿಂಥೆಟಿಕ್ ಫೆಲ್ಟ್, ಅಂಚಿನಿಂದ ಎರಡು ಮಿಲಿಮೀಟರ್ ಒಳಗೆ ಸೂಜಿ ಚುಚ್ಚಿ ದಾರ ಎಳೆದ ಕೂಡಲೇ ಹರಿದು ಬಂತು. ಮೊದಲ ರೆಕ್ಕೆ ಹಾಗೆ ಹಾಳಾದ ಮೇಲೆ, ಮನೆಯಲ್ಲಿದ್ದ ಅಪ್ಪಟ ಉಣ್ಣೆಯ ಹಸಿರು ಸ್ವೆಟರಿನ ತೋಳನ್ನು ಕತ್ತರಿಸಿ, ಬಿಸಿನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ಉಜ್ಜಿದೆ. ಉಣ್ಣೆಯ ಎಳೆಗಳ ಮೇಲಿರುವ ಸೂಕ್ಷ್ಮ ಹೊಪ್ಪಳಿಕೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಹೆಣಿಗೆಯ ಕಣ್ಣುಗಳೇ ಮಾಯವಾಗಿ, ಗಟ್ಟಿಯಾದ ದಪ್ಪ ಫೆಲ್ಟ್ ಸಿದ್ಧವಾಯಿತು. ಅದರ ಮೇಲೆ ಸೂಜಿ ಎಷ್ಟು ಸಲ ಚುಚ್ಚಿದರೂ ಅಂಚು ಅಲುಗಲಿಲ್ಲ.

ರಿಂಗಿನದು ಇನ್ನೊಂದು ತಕರಾರು. ತಿರುಪನ್ನು ಎಷ್ಟು ಬಿಗಿದರೂ ಹತ್ತು ನಿಮಿಷದಲ್ಲಿ ಬಟ್ಟೆ ಜೋಲುತ್ತಿತ್ತು. ಒಳಗಿನ ಬಳೆಗೆ ಲಂಗದ ಲಾಡಿಯನ್ನು ಒತ್ತೊತ್ತಾಗಿ ಸುತ್ತಿದ ನಂತರ ಬಟ್ಟೆ ತಮಟೆಯಂತೆ ನಿಂತಿತು.

ಮಾದರಿ ಚಿತ್ರ ಬಿಡಿಸಿದವರು ಕೀಟವನ್ನು ಹತ್ತಿರದಿಂದ ನೋಡಿದಂತಿಲ್ಲ. ಆರೂ ಕಾಲುಗಳು ರೆಕ್ಕೆಯ ಕೆಳಗಿನಿಂದಲೇ ಹೊರಟಿವೆ. ಮೊದಲ ಜೋಡಿ ತಲೆಯ ಹಿಂದಿನ ಎದೆಕವಚದ ಬಳಿಯಿಂದ ಬರಬೇಕು. ಮೀಸೆಗಳಿಗಂತೂ ಪಾತರಗಿತ್ತಿಯದರಂತೆ ತುದಿಯಲ್ಲಿ ಗುಂಡು ಮಣಿ ಕೂರಿಸಲು ಹೇಳಿದ್ದಾರೆ, ಜೀರ್ಜಿಂಬೆಯ ಮೀಸೆ ಗಿಡ್ಡವಾಗಿ ಗರಗಸದಂತಿರುತ್ತದೆ. ನಾನು ಮಣಿ ಬಿಟ್ಟು ಕಪ್ಪು ದಾರದಲ್ಲಿ ಚಿಕ್ಕ ಚಿಕ್ಕ ಹೊಲಿಗೆ ಹಾಕಿದೆ.

ಉಳಿದದ್ದು ಹೊಳಪು. ಜೀರ್ಜಿಂಬೆಯ ರೆಕ್ಕೆಯನ್ನೇ ಬಟ್ಟೆಗೆ ಹೊಲಿಯುವ ಕಲೆ ಭಾರತದಲ್ಲಿತ್ತು. 1903ರ ದೆಹಲಿ ದರ್ಬಾರಿನಲ್ಲಿ ವೈಸ್‌ರಾಯ್ ಪತ್ನಿ ಲೇಡಿ ಕರ್ಜನ್ ತೊಟ್ಟ ನವಿಲುಗರಿ ವಿನ್ಯಾಸದ ಗೌನಿನಲ್ಲಿ ಪ್ರತಿ ಕಣ್ಣಿನ ನಡುವೆ ಅಂಥದೊಂದು ರೆಕ್ಕೆಯಿತ್ತು. ಫೆಲ್ಟಿನಿಂದ ಆ ಬೆಳಕನ್ನು ನಿರೀಕ್ಷಿಸುವುದು ಅನ್ಯಾಯ. ಆದರೂ ಆರೆಳೆಯ ದಾರದಿಂದ ಒಂದೇ ಎಳೆ ಬಿಡಿಸಿಕೊಂಡು, ಹಸಿರು ಮತ್ತು ನೀಲಿಯನ್ನು ಅಕ್ಕಪಕ್ಕದಲ್ಲಿ ಒತ್ತಾಗಿ ತುಂಬಿದರೆ, ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ರೆಕ್ಕೆಯ ಬಣ್ಣ ಸ್ವಲ್ಪ ಹೊರಳುತ್ತದೆ. ಈ ಉಪಾಯ ಸೂಚನೆಯಲ್ಲಿಲ್ಲ.

ಸೂಜಿ ಹಿಡಿದು ಅಭ್ಯಾಸವಿರುವವರು, ಮನೆಯಲ್ಲಿ ಹಳೆಯ ಉಣ್ಣೆಯ ಸ್ವೆಟರೊಂದಿದ್ದರೆ, ಇದನ್ನು ಕೊಳ್ಳಬಹುದು. ಮಕ್ಕಳಿಗೆ ಉಡುಗೊರೆಯಾಗಿ ಕೊಡಲು ನಾನು ಹೇಳಲಾರೆ. ಆ ಫೆಲ್ಟ್ ಮೊದಲ ದಿನವೇ ಅವರನ್ನು ಅಳಿಸುತ್ತದೆ. ಎರಡನೆಯ ಕೀಟಕ್ಕೆ ಕಿಟ್‌ನ ಅಗತ್ಯವೇ ಬರುವುದಿಲ್ಲ. ನನ್ನಲ್ಲಿ ಸ್ವೆಟರಿನ ಇನ್ನೊಂದು ತೋಳು ಹಾಗೇ ಉಳಿದಿದೆ.