ಬೆಟ್ಟದ ಬೆಂಕಿ ಹೊಗೆಗೆ ಯಾವುದು ಆದೀತು: ಒದ್ದೆ ಬಟ್ಟೆ, ಫ್ಯಾನ್-ಫಿಲ್ಟರ್, ಪ್ಯೂರಿಫೈಯರ್?

ಶಿರಸಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೆಬ್ರವರಿ ಕಳೆದರೆ ಬೆಟ್ಟದ ತುಂಬ ಒಣ ದರಕು. ಎಲ್ಲೋ ಒಂದು ಕಡೆ ಬೆಂಕಿ ಬಿದ್ದರೆ ಸಾಕು, ರಾತ್ರಿ ತಂಪಾದ ಗಾಳಿಯ ಜೊತೆ ಹೊಗೆ ತೋಟದ ಕಣಿವೆಗೆ ಇಳಿಯುತ್ತದೆ, ಬಿಸಿಲೇರುವವರೆಗೆ ಅಲ್ಲೇ ಕೂತಿರುತ್ತದೆ. ನಮ್ಮ ಆಯಿಗೆ ಉಬ್ಬಸ. ಅದಕ್ಕೇ ಇವನ್ನೆಲ್ಲ ಮಾಡಿ ನೋಡಿದೆ, ಪಿಎಂ 2.5 ಅಳೆಯುವ ಸಣ್ಣ ಮೀಟರ್ ಪಕ್ಕದಲ್ಲಿಟ್ಟುಕೊಂಡು.

ಪಿಎಂ 2.5 ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ಶ್ವಾಸಕೋಶದ ಆಳಕ್ಕೆ ಹೋಗುವುದು ಇದೇ. 24 ಗಂಟೆಯ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಕಿಟಕಿಗೆ ಒದ್ದೆ ಸೀರೆ ಕಟ್ಟಿದರೆ ಬೂದಿ ತಡೆಯುತ್ತದೆ, ಕೋಣೆ ತಂಪಾಗುತ್ತದೆ. ಮೀಟರ್ ಮಾತ್ರ ಇಳಿಯಲಿಲ್ಲ.

ಅಂಗಡಿಯಲ್ಲಿ ಸಿಗುವ ಗಾಳಿ ಶೋಧಿಸುವ ಪ್ಯೂರಿಫೈಯರ್ ಮತ್ತು ಫ್ಯಾನಿಗೆ ಫಿಲ್ಟರ್ ಕಟ್ಟಿ ಮನೆಯಲ್ಲೇ ಮಾಡಿಕೊಳ್ಳುವ ಫ್ಯಾನ್-ಫಿಲ್ಟರ್ ನಡುವೆ ಆರಿಸುವುದೇ ಕಷ್ಟ. ಅಮೆರಿಕದಲ್ಲಿ 2020ರಲ್ಲಿ ರಿಚರ್ಡ್ ಕಾರ್ಸಿ, ಜಿಮ್ ರೊಸೆಂಥಾಲ್ ಎಂಬಿಬ್ಬರ ಹೆಸರಲ್ಲಿ ಒಂದು ಪೆಟ್ಟಿಗೆ ಬಳಕೆಗೆ ಬಂತು: ನಾಲ್ಕು ಬದಿಗೆ ಫಿಲ್ಟರ್, ಮೇಲೊಂದು ಫ್ಯಾನ್. ಆ ಅಳತೆಯ ಚಪ್ಪಟೆ ಫ್ಯಾನ್ ನಮ್ಮ ಪೇಟೆಯಲ್ಲಿ ಸಿಗಲಿಲ್ಲ, ಹಾಗಾಗಿ ಆನ್‌ಲೈನಲ್ಲಿ ತೀರಾ ಸಣ್ಣ ಕಣವನ್ನೂ ಹಿಡಿಯುವ ಒಂದು ಹೆಪಾ ಫಿಲ್ಟರ್ ತರಿಸಿ, ಎಕ್ಸಾಸ್ಟ್ ಫ್ಯಾನಿಗೆ ಸಂದಿ ಬಿಡದಂತೆ ಟೇಪ್ ಸುತ್ತಿ ಕೋಣೆಯೊಳಗೇ ಇಟ್ಟೆ. ಕೆಲಸ ಚೆನ್ನಾಗಿಯೇ ಮಾಡಿತು, ಖರ್ಚೂ ತುಂಬ ಕಡಿಮೆ. ಆದರೆ ಸದ್ದು! ಆಯಿಗೆ ನಿದ್ದೆ ಬರಲಿಲ್ಲ. ಪ್ಯೂರಿಫೈಯರ್ ರಾತ್ರಿ ಹೆಚ್ಚು ಸದ್ದಿಲ್ಲದೆ ಓಡುತ್ತದೆ, ಆದರೆ ಫಿಲ್ಟರ್ ಬದಲಿಸಲು ಖರ್ಚು ಜಾಸ್ತಿ ಬೀಳುತ್ತದೆ. ವಾಸನೆ ಹೋಗಬೇಕಾದರೆ ಅದರಲ್ಲಿ ಇದ್ದಿಲಿನ ಪದರವೂ ಇರಬೇಕು, ಹೆಪಾ ಹಿಡಿಯುವುದು ಕಣವನ್ನಷ್ಟೇ. ಓಝೋನ್ ಎಂಬ ಉಸಿರು ಕೆರಳಿಸುವ ಅನಿಲ ಬಿಡುವ ಯಂತ್ರವನ್ನಂತೂ ಉಬ್ಬಸದವರ ಹತ್ತಿರ ಇಡಲೇಬೇಡಿ.

ಆದರೆ ಯಂತ್ರಕ್ಕಿಂತ ಕೋಣೆ ಮುಖ್ಯ. ಹಂಚಿನ ಮಾಡಿನ ನಡುಮನೆಯಲ್ಲಿ ಎರಡೂ ಸೋತವು. ಹಂಚಿನ ಸಂದಿಯಿಂದ ಗಾಳಿ ಬರುತ್ತಲೇ ಇರುವಾಗ ಶೋಧಿಸುವುದೆಂದರೆ ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಅದೇ ಯಂತ್ರವನ್ನು ಸ್ಲ್ಯಾಬ್ ಹಾಕಿದ ಸಣ್ಣ ಕೋಣೆಗೆ ಒಯ್ದು, ಕಿಟಕಿ ಮುಚ್ಚಿ, ಬಾಗಿಲ ಕೆಳಗೆ ಹಳೇ ಪಂಚೆ ಒತ್ತಿದಾಗ ಅಂಕಿ ಸರಸರ ಇಳಿಯಿತು. ಆಮೇಲೆ ಇನ್ನೊಂದು ಗಮನಕ್ಕೆ ಬಂತು. ಬೆಳಿಗ್ಗೆ ಬಚ್ಚಲ ಒಲೆಗೆ ಉರಿ ಹಾಕಿದ ಕೂಡಲೇ ಅಂಕಿ ಮತ್ತೆ ಏರುತ್ತಿತ್ತು. ಸೊಳ್ಳೆ ಬತ್ತಿ, ಊದುಬತ್ತಿಗೂ ಹಾಗೇ. ಹೊಗೆ ಇರುವ ದಿನ ಇವನ್ನು ಬಿಟ್ಟರೆ ಒಂದು ಪೈಸೆ ಖರ್ಚಿಲ್ಲದ ಲಾಭ, ಅಲ್ವಾ? ಮಧ್ಯಾಹ್ನ ಬಿಸಿಲಿಗೆ ಹೊಗೆ ಮೇಲೇರುತ್ತದೆ, ಮೀಟರ್ ನೋಡಿಕೊಂಡು ಆಗ ಸ್ವಲ್ಪ ಹೊತ್ತು ಕಿಟಕಿ ತೆರೆಯುತ್ತೇವೆ.

ನಾನಾದರೆ ಆಯಿಯಂಥವರು ಮಲಗುವ ಕೋಣೆಗೆ ಪ್ಯೂರಿಫೈಯರ್ ಕೊಳ್ಳುತ್ತೇನೆ. ಹಗಲು ಕೂತು ಕೆಲಸ ಮಾಡುವ ಕೋಣೆಗೆ ಫ್ಯಾನ್-ಫಿಲ್ಟರ್ ಧಾರಾಳ ಸಾಕು.

ಹೊರಗೆ ಹೋಗುವವರಿಗೆ ಟವೆಲ್, ನೀಲಿ ಮಾಸ್ಕ್ ಎರಡೂ ಆಗುವುದಿಲ್ಲ, ಬದಿಯಿಂದ ಹೊಗೆ ನುಗ್ಗುತ್ತದೆ. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯಲು ಹೋಗುವ ನಮ್ಮ ಹುಡುಗರಿಗೆ ಒಂದು ಮಾತು: ಬೆಂಕಿಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಎನ್95 ತಡೆಯುವುದಿಲ್ಲ. ತಲೆ ಸಿಡಿಯತೊಡಗಿದರೆ, ವಾಕರಿಕೆ ಬಂದರೆ ಅಲ್ಲಿ ನಿಲ್ಲಬೇಡಿ, ಜೊತೆಗಿರುವವರನ್ನೂ ಕರೆದುಕೊಂಡು ಹೊಗೆಯಿಂದ ಹೊರಗೆ ಬನ್ನಿ.