ಹುಲ್ಲಿಗೆ ಐದು ಸ್ಟಾರ್, ನೆಲ ಹದ ಮಾಡಿದ್ದಕ್ಕೆ ಒಂದು

ಮೊದಲೇ ಹೇಳಿಬಿಡುತ್ತೇನೆ, ಲಾನ್ ಹಾಕಿಕೊಟ್ಟ ಈ ಕಂಪನಿಗೆ ನನ್ನ ಕಡೆಯಿಂದ ಐದರಲ್ಲಿ ಮೂರು ಸ್ಟಾರ್. ಹುಲ್ಲಿಗೆ ಐದು, ಹಾಸಿದ ಕೈಗಳಿಗೆ ನಾಲ್ಕೂವರೆ. ಅದಕ್ಕೂ ಮೊದಲು ನೆಲ ಸಿದ್ಧ ಮಾಡಿದ್ದಕ್ಕೆ ಒಂದೇ ಒಂದು, ಅದೂ ಯಂತ್ರ ಹೊತ್ತು ತಂದಿದ್ದರಲ್ಲ ಪಾಪ ಅಂತ. ಹೆಸರು ಬರೆಯುವುದಿಲ್ಲ. ಬರೆದರೆ ಜಗಳ ಹೆಸರಿನ ಮೇಲೆ ಹೋಗುತ್ತದೆ, ನನಗೆ ಹೇಳಬೇಕಿರುವುದು ಮಣ್ಣಿನ ವಿಷಯ.

ನನ್ನ ತೋಟದ ನಡುವೆ ಒಂದು ಕಾಲುದಾರಿ ಇದೆ. ಎಡಕ್ಕೆ ಸುಮಾರು 20 ಚದರ ಮೀಟರ್, ಬಲಕ್ಕೆ 30. ಎರಡೂ ಕಡೆ ನೆಲ ಸಿದ್ಧ ಮಾಡಿ ಹುಲ್ಲು ಹಾಸಿ ಕೊಡುತ್ತೇವೆ ಅಂತ ಮಾತಾಗಿತ್ತು. ಹುಲ್ಲು ಅಂದರೆ ಬೇರೆ ಕಡೆ ಬೆಳೆಸಿ, ತೆಳು ಮಣ್ಣಿನ ಸಮೇತ ಕತ್ತರಿಸಿ, ಚಾಪೆಯ ಹಾಗೆ ರೋಲ್ ಸುತ್ತಿ ತರುವಂಥದ್ದು. ಬರುತ್ತೇವೆ ಅಂದ ದಿನ ಬರಲಿಲ್ಲ. ಇಂದು ನಾಳೆ ಅನ್ನುತ್ತಾ ಮೂರು ವಾರ ಎಳೆದರು. ಸುಮ್ನೆ ಕಾಯುವುದು ಯಾಕೆ ಅಂತ ನಾನೇ ಗುದ್ದಲಿ ಹಿಡಿದು ಎಡಭಾಗ ಶುರು ಮಾಡಿದೆ. ಹಾಗಾಗಿ ಈಗ ಒಂದೇ ಲೋಡಿನ ಹುಲ್ಲು, ಒಂದೇ ದಿನ, ಒಂದೇ ಕೈಯಿಂದ ಹಾಸಿದ್ದು, ಎರಡು ಬೇರೆ ಬೇರೆ ನೆಲದ ಮೇಲೆ ಬೆಳೆಯುತ್ತಿದೆ. ಬೇಕು ಅಂತ ಮಾಡಿದ ಪರೀಕ್ಷೆಯಲ್ಲ, ಅವರು ತಡ ಮಾಡಿದ್ದರಿಂದ ತಾನಾಗಿ ಆದದ್ದು.

ಎಡಭಾಗದಲ್ಲಿ ನಾನು ಮಾಡಿದ್ದೇನು ಅಂದರೆ, ಮೊದಲು ಹಳೆಯ ಹುಲ್ಲನ್ನು ಬೇರು ಸಮೇತ ಕಿತ್ತು ಹೊರಗೆ ಹಾಕಿದೆ. ಮಣ್ಣಿಗೆ ಮಗುಚಿ ಹಾಕಲಿಲ್ಲ, ಗೊಬ್ಬರದ ಗುಂಡಿಗೂ ಹಾಕಲಿಲ್ಲ, ಬಿಸಿಲಲ್ಲಿ ಒಣಗಿಸಿ ಬಿಸಾಡಿದೆ. ಆಮೇಲೆ 15 ಸೆಂಟಿಮೀಟರ್ ಆಳಕ್ಕೆ ಅಗೆದೆ. ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ, ಒಂದು ಮುರಿದ ಕರಣೆ, ಮನೆ ಕಟ್ಟಿದವರು ಬಿಟ್ಟುಹೋದದ್ದೆಲ್ಲ ಸಿಕ್ಕಿತು. ಅಲ್ಲಲ್ಲಿ ಅಂದಾಜು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿಸಿದೆ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ಅಳೆದೆ. ನಡುಭಾಗದಲ್ಲಿ ಗಂಟೆಗೆ ಮೂರು ಸೆಂಟಿಮೀಟರಿನಷ್ಟು ಇಳಿಯಿತು, ಪರವಾಗಿಲ್ಲ. ಗೋಡೆ ಪಕ್ಕದ ಗುಂಡಿಯಲ್ಲಿ ಮಾತ್ರ ಮರುದಿನ ಬೆಳಿಗ್ಗೆಯೂ ನೀರು ಹಾಗೇ ನಿಂತಿತ್ತು. ಕಟ್ಟುವಾಗ ಜನ, ಗಾಡಿ ಎಲ್ಲ ಓಡಾಡಿ ಕೆಳಗಿನ ಮಣ್ಣು ಕಲ್ಲಿನ ಹಾಗೆ ಕೂತಿತ್ತು. ಅಲ್ಲಿ ಹಾರೆ ಹಾಕಿ ಒಡೆಯಬೇಕಾಯಿತು, ಎರಡು ದಿನ ಸೊಂಟ ಬಗ್ಗಿಸಲು ಆಗಲಿಲ್ಲ.

ನಾಲ್ಕೈದು ಸೆಂಟಿಮೀಟರ್ ದಪ್ಪಕ್ಕೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿ ಬೆರೆಸಿದೆ. ಜೇಡಿಮಣ್ಣಾದ್ದರಿಂದ ಸ್ವಲ್ಪ ಮರಳು ಸೇರಿಸಿ ಅಂತ ಎಲ್ಲರೂ ಸಲಹೆ ಕೊಟ್ಟರು, ಸೇರಿಸಲಿಲ್ಲ. ಜೇಡಿಮಣ್ಣಿಗೆ ಸ್ವಲ್ಪವೇ ಮರಳು ಹಾಕಿದರೆ ಅದು ಸಡಿಲವಾಗುವುದಿಲ್ಲ, ಒಣಗಿದಾಗ ಇನ್ನೂ ಗಟ್ಟಿಯಾಗುತ್ತದೆ. ಲೆವೆಲ್ ಮಾಡುವಾಗ ಮನೆಯಿಂದ ಆಚೆಗೆ ಮೀಟರಿಗೆ ಒಂದೆರಡು ಸೆಂಟಿಮೀಟರ್ ಇಳಿಜಾರು ಕೊಟ್ಟೆ. ಕಾಲುದಾರಿಗಿಂತ ಮಣ್ಣು ಎರಡು ಸೆಂಟಿಮೀಟರ್ ಕೆಳಗಿರುವ ಹಾಗೆ ಬಿಟ್ಟೆ, ಯಾಕೆಂದರೆ ಹುಲ್ಲಿನ ಜೊತೆ ಬರುವ ಮಣ್ಣಿಗೂ ಒಂದು ದಪ್ಪ ಇರುತ್ತದಲ್ಲ. ಕೊನೆಗೆ ತುಳಿಯುವ ಕೆಲಸ. ಹಿಮ್ಮಡಿ ಊರಿ, ಅಡಿ ಪಕ್ಕ ಅಡಿ ಇಡುತ್ತಾ ಉದ್ದಕ್ಕೆ ಒಮ್ಮೆ ತುಳಿದು, ರೇಕ್ ಎಳೆದು, ಮತ್ತೆ ಅಡ್ಡಕ್ಕೆ ತುಳಿದೆ. ನೋಡಿದವರು ಇವನಿಗೇನಾಯಿತು ಅಂದುಕೊಂಡಿರಬೇಕು. ನಡೆದರೆ ಹೆಜ್ಜೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಇಳಿಯಬಾರದು, ಅಷ್ಟು ಹದ ಬರುವ ತನಕ ತುಳಿಯಬೇಕು.

ಇನ್ನೂ ಅವರು ಬಂದಿರಲಿಲ್ಲ, ಹಾಗಾಗಿ ಆ ನೆಲಕ್ಕೆ ನೀರು ಬಿಟ್ಟು ಹತ್ತು ದಿನ ಕಾದೆ. ಕಳೆ ಬೀಜ ಎಲ್ಲ ಮೊಳೆತವು. ಮೇಲ್ಮೈಯಲ್ಲಷ್ಟೇ ಹೆರೆದು ತೆಗೆದೆ, ಮತ್ತೆ ಆಳಕ್ಕೆ ಅಗೆಯಲಿಲ್ಲ. ಅಗೆದರೆ ಕೆಳಗೆ ಮಲಗಿರುವ ಬೀಜ ಮೇಲೆ ಬಂದು ಇನ್ನೊಂದು ಬೆಳೆ ಕಳೆ ಬರುತ್ತದೆ.

ಕೊನೆಗೂ ತಂಡ ಬಂತು. ಮೂರು ಜನ, ಒಂದು ಉಳುವ ಯಂತ್ರ. ಎಡಭಾಗ ನೋಡಿ 'ಇದು ಆಗಿದೆಯಲ್ಲ' ಅಂತ ಖುಷಿಪಟ್ಟರು, ಬಲಭಾಗಕ್ಕೆ ಹೋಗಿ ಹಳೆಯ ಹುಲ್ಲಿನ ಮೇಲೆಯೇ ಯಂತ್ರ ಓಡಿಸಿದರು! ಅಲ್ಲಿದ್ದದ್ದು ಗರಿಕೆ. ಗರಿಕೆಯ ಸ್ವಭಾವ ಗೊತ್ತಿರುವವರಿಗೆ ನಾನು ಹೇಳಬೇಕಿಲ್ಲ, ಅದರ ಬಳ್ಳಿಯ ಒಂದೊಂದು ಗಿಣ್ಣೂ ಹೊಸ ಗಿಡವಾಗುತ್ತದೆ. ಒಂದು ಬಳ್ಳಿಯನ್ನು ಇಪ್ಪತ್ತು ತುಂಡು ಮಾಡಿ ಮಣ್ಣಲ್ಲಿ ಹೂತರೆ ಅದು ಕಳೆ ಕೀಳುವುದಲ್ಲ, ನಾಟಿ ಮಾಡುವುದು. ಕೇಳಿದೆ. 'ಎಲ್ಲಾ ಗೊಬ್ಬರ ಆಗುತ್ತೆ ಸರ್' ಅಂದರು. ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಮಣ್ಣು ಹುಡಿಹುಡಿಯಾಗಿ, ರೇಕಿನ ಬೆನ್ನಿನಿಂದ ಸವರಿದ್ದರಿಂದ ನೋಡಲು ನನ್ನ ಭಾಗಕ್ಕಿಂತ ಚೆನ್ನಾಗಿತ್ತು, ನಿಜ. ಆದರೆ ಕಾಲಿಟ್ಟರೆ ಹೆಜ್ಜೆ ಹೂತುಹೋಗುತ್ತಿತ್ತು. ತುಳಿಯುವುದಿಲ್ಲವಾ ಅಂದರೆ, ಹುಲ್ಲು ಹಾಸಿದ ಮೇಲೆ ರೋಲರ್ ಎಳೆಯುತ್ತೇವೆ ಅಂದರು. ಆ ರೋಲರ್ ಇರುವುದು ಬೇರು ಮಣ್ಣಿಗೆ ತಾಗಲಿ ಅಂತ. ಅಡಿಯಲ್ಲಿ ಹತ್ತು ಸೆಂಟಿಮೀಟರ್ ಸಡಿಲ ಮಣ್ಣಿದ್ದರೆ ಅದು ಮುಂದೆ ನೀರು ಬಿದ್ದ ಹಾಗೆಲ್ಲ ಒಂದು ಕಡೆ ಇಳಿಯುತ್ತದೆ, ಇನ್ನೊಂದು ಕಡೆ ಇಳಿಯುವುದಿಲ್ಲ. ನಾನು ಅಲ್ಲೇ ಕೆಲಸ ನಿಲ್ಲಿಸಬೇಕಿತ್ತು. ಮೂರು ವಾರ ಕಾದ ಮೇಲೆ ಸಿಕ್ಕವರನ್ನು ವಾಪಸ್ ಕಳಿಸುವ ಧೈರ್ಯ ಬರಲಿಲ್ಲ ಅಷ್ಟೇ.

ಹುಲ್ಲು ಬಂದ ದಿನದ ಬಗ್ಗೆ ಮಾತ್ರ ಹೊಗಳಿಕೆಯೇ. ಬೆಳಿಗ್ಗೆ ಕತ್ತರಿಸಿದ್ದು ಮಧ್ಯಾಹ್ನಕ್ಕೆ ಮೊದಲೇ ಇಳಿಯಿತು. ಸುತ್ತಿದ ರೋಲುಗಳನ್ನು ಪೇರಿಸಿಟ್ಟರೆ ಒಳಗೆ ಬಿಸಿ ಏರಿ ಹುಲ್ಲು ಹಳದಿಯಾಗುತ್ತದೆ, ಒಂಥರಾ ಹುಳಿ ವಾಸನೆ ಬರುತ್ತದೆ. ಒಂದು ದಿನದ ಒಳಗೆ ಹಾಸಲೇಬೇಕು, ಸೆಕೆಯಲ್ಲಂತೂ ಅದೇ ದಿನ. ನಾನು ಪೇರಿಯ ನಡುವೆ ಕೈ ತೂರಿಸಿ ನೋಡಿದೆ, ತಣ್ಣಗಿತ್ತು. ಒಂದು ರೋಲಿನ ತುದಿ ಹಿಡಿದು ಎತ್ತಿದೆ, ಹರಿಯಲಿಲ್ಲ, ಮಣ್ಣು ಉದುರಲಿಲ್ಲ, ಅಡಿಯಲ್ಲಿ ಬೇರು ಬೆಳ್ಳಗೆ ಹೆಣೆದುಕೊಂಡಿತ್ತು. ಕಳೆ ಒಂದೂ ಕಾಣಲಿಲ್ಲ. ಇಷ್ಟು ಒಳ್ಳೆಯ ಹುಲ್ಲು ಕೊಡುವವರು ಮಣ್ಣಿನ ವಿಷಯದಲ್ಲಿ ಯಾಕೆ ಹೀಗೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಹಾಸುವುದರಲ್ಲೂ ಕೈ ಪಳಗಿತ್ತು. ಕಾಲುದಾರಿಯ ನೇರ ಅಂಚಿನಿಂದ ಶುರು ಮಾಡಿ, ಇಟ್ಟಿಗೆ ಗೋಡೆ ಕಟ್ಟುವ ಹಾಗೆ ಒಂದು ಸಾಲಿನ ಸಂದಿಗೆ ಮುಂದಿನ ಸಾಲಿನ ಸಂದಿ ಕೂಡದಂತೆ ಹಾಸಿದರು. ರೋಲನ್ನು ಎಳೆದು ಹಿಗ್ಗಿಸಲಿಲ್ಲ, ಹಿಗ್ಗಿಸಿದರೆ ಒಣಗುವಾಗ ಕುಗ್ಗಿ ಸಂದಿ ಬಿಡುತ್ತದೆ. ಒಂದರ ಮೇಲೊಂದು ಏರಿಸಲಿಲ್ಲ, ಅಂಚಿಗೆ ಅಂಚು ಒತ್ತಿ ಕೂರಿಸಿದರು. ಹಾಸಿದ್ದರ ಮೇಲೆ ಹಲಗೆ ಇಟ್ಟು ಅದರ ಮೇಲೆಯೇ ಓಡಾಡಿದರು. ಸಣ್ಣ ತುಂಡುಗಳನ್ನು ಅಂಚಿಗೆ ಹಾಕದೆ ನಡುವೆ ಸೇರಿಸಿದರು, ಅಂಚಿನ ತುಂಡು ಬೇಗ ಒಣಗುತ್ತದೆ ಅಂತ ಅವರಲ್ಲೊಬ್ಬರು ಕೇಳದಿದ್ದರೂ ಹೇಳಿದರು. ಪೂರ್ತಿ ಮುಗಿಯಲಿ ಅಂತ ಕಾಯದೆ ಹಾಸಿದಷ್ಟಕ್ಕೆ ಆಗಾಗ ನೀರು ಹಾಕುತ್ತಾ ಬಂದರು. ಅರ್ಧ ಸ್ಟಾರ್ ಕಳೆದದ್ದು ಒಂದೇ ಕಾರಣಕ್ಕೆ, ಬಲಭಾಗದ ಮಣ್ಣು ಒಣಗಿ ಕಾದಿತ್ತು, ಹಾಸುವ ಮೊದಲು ಅದನ್ನು ಒದ್ದೆ ಮಾಡಲಿಲ್ಲ. ಎಡಕ್ಕೆ ಹಿಂದಿನ ಸಂಜೆಯೇ ನಾನು ನೀರು ಹಾಕಿದ್ದೆ.

ಹೋಗುವಾಗ ಒಂದು ಚೀಟಿ ಕೊಟ್ಟರು. ದಿನಕ್ಕೆ ಎರಡು ಸಲ ಹತ್ತು ನಿಮಿಷ ನೀರು ಅಂತ ಅದರಲ್ಲಿತ್ತು. ಯಾವ ಪೈಪು, ಎಷ್ಟು ಒತ್ತಡ ಅಂತ ಗೊತ್ತಿಲ್ಲದೆ ನಿಮಿಷ ಹೇಳಿ ಏನು ಪ್ರಯೋಜನ? ಮೂಲೆ ಎತ್ತಿ ಕೆಳಗಿನ ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಬೆರಳಿನ ಉದ್ದಕ್ಕೂ ಒದ್ದೆ ಇದ್ದರೆ ಸಾಕು. ಮೊದಲ ಎರಡು ವಾರ ದಿನಾ ಹೀಗೆ, ಬೇರು ಹಿಡಿದ ಮೇಲೆ ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಷ್ಟು. ಮೊದಲ ಕಟಿಂಗ್ ಉಚಿತ ಅಂತ ಹತ್ತನೇ ದಿನಕ್ಕೇ ಯಂತ್ರ ತಂದಿದ್ದರು, ವಾಪಸ್ ಕಳಿಸಿದೆ. ಬೇರು ಹಿಡಿಯದ ಹುಲ್ಲಿನ ಮೇಲೆ ಚಕ್ರ ತಿರುಗಿಸಿದರೆ ರೋಲೇ ಎದ್ದು ಬರುತ್ತದೆ. ಮೂರನೇ ವಾರ ಬಂದಾಗ ಎಡಭಾಗ ಮಾತ್ರ ಕತ್ತರಿಸಿಸಿದೆ, ಅದೂ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ ಅಂತ ಪಕ್ಕದಲ್ಲೇ ನಿಂತು.

ಬಲಭಾಗದ್ದು ಬೇರೆಯೇ ಕಥೆ. ಹನ್ನೆರಡನೇ ದಿನ ಎಡಗಡೆ ಮೂಲೆ ಎಳೆದರೆ ಬರಲಿಲ್ಲ. ಬಲಗಡೆ ಚಾಪೆ ಎತ್ತಿದ ಹಾಗೆ ಎದ್ದು ಬಂತು. ಮೂರನೇ ವಾರಕ್ಕೆ ತಗ್ಗು ಬಿದ್ದು ನೀರು ನಿಂತಿತು. ತಗ್ಗಿನ ಅಂಚಲ್ಲಿ ಸಂದಿ ಬಿಟ್ಟುಕೊಂಡು ಹುಲ್ಲು ಕಂದಿತು. ಆ ಸಂದಿಗಳಿಂದಲೇ ನಮ್ಮ ಗರಿಕೆ ತಲೆ ಎತ್ತಿತು, ಹೊಸ ಹುಲ್ಲಿಗಿಂತ ಹಸಿರಾಗಿ. ಮೇಲೆ ಥಳಕು ಒಳಗೆ ಹುಳುಕು ಅನ್ನುವುದು ಇದಕ್ಕೇ ಅಲ್ವಾ?

ಫೋನ್ ಮಾಡಿದೆ. ನೀರು ಕಡಿಮೆ ಆಗಿದೆ ಅಂದರು. ಎರಡು ದಿನ ಬಿಟ್ಟು ಮಾಡಿದಾಗ ಬೇರೆಯವರು ಎತ್ತಿ ನೀರು ಜಾಸ್ತಿ ಆಗಿದೆ ಅಂದರು. ಎರಡೂ ಭಾಗದ ಫೋಟೋ ಪಕ್ಕಪಕ್ಕ ಇಟ್ಟು ಕಳಿಸಿದೆ. ಆಮೇಲೆ ಮಾತಿಲ್ಲ. ಆದರೆ ವಾರದೊಳಗೆ ಜನ ಬಂದರು, ಅದನ್ನು ಮುಚ್ಚಿಡುವುದಿಲ್ಲ.

ಇಂಥವರಿಗೆ ಕೆಲಸ ಕೊಡುವ ಮೊದಲು 'ನೆಲ ಸಿದ್ಧತೆ' ಅನ್ನುವ ಒಂದೇ ಸಾಲಿಗೆ ಒಪ್ಪಬೇಡಿ. ಹಳೆಯ ಹುಲ್ಲನ್ನು ಕಿತ್ತು ಒಯ್ಯುತ್ತೀರಾ, ಎಷ್ಟು ಆಳ ಅಗೆಯುತ್ತೀರಾ, ಕಾಂಪೋಸ್ಟ್ ಎಷ್ಟು ದಪ್ಪ, ತುಳಿದು ಗಟ್ಟಿ ಮಾಡುತ್ತೀರಾ, ಇಷ್ಟನ್ನಾದರೂ ಬರೆಸಿಕೊಳ್ಳಿ. ನೆಲಕ್ಕೂ ಹುಲ್ಲಿಗೂ ಒಂದೇ ದಿನ ಗೊತ್ತು ಮಾಡಬೇಡಿ. ನಡುವೆ ಒಂದು ವಾರವಾದರೂ ಇರಲಿ, ಮಣ್ಣು ಎಲ್ಲಿ ಇಳಿಯುತ್ತದೆ ಅಂತ ಹುಲ್ಲು ಹಾಸುವ ಮೊದಲೇ ಗೊತ್ತಾಗುತ್ತದೆ. ಅಥವಾ ನೆಲ ನೀವೇ ಮಾಡಿಕೊಂಡು ಹುಲ್ಲು ಹಾಸಲಿಕ್ಕಷ್ಟೇ ಇವರನ್ನು ಕರೆಯಿರಿ. ಹಾಸುವುದಕ್ಕೆ ಇವರೇ ಸರಿ ಅಂತ ನಾನೂ ಹೇಳುತ್ತೇನೆ.

ಬಂದವರು ತಗ್ಗಿನ ಜಾಗದಲ್ಲಿ ಎಂಟು ರೋಲಿನಷ್ಟು ಎತ್ತಿದರು. ಅಡಿಯಲ್ಲಿ ಖಾಲಿ ಸಿಮೆಂಟ್ ಚೀಲವೊಂದು ಹಾಗೇ ಮಡಚಿಕೊಂಡು ಬಿದ್ದಿತ್ತು, ಯಂತ್ರ ಅದರ ಮೇಲೆಯೇ ಹೋಗಿದೆ. ಅದನ್ನು ಎಳೆದು ಹಾಕಿ, ಗರಿಕೆ ಬೇರು ಸಿಕ್ಕಷ್ಟು ಆರಿಸಿ, ಮಣ್ಣು ತುಂಬಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಚಪ್ಪಲಿ ಬಿಟ್ಟು ಮೊದಲು ಇಳಿದೆ, ಹಿಂದೆಯೇ ಅವರೂ ಮೂರು ಜನ ಇಳಿದರು. ಅಡಿ ಪಕ್ಕ ಅಡಿ ಇಡುತ್ತಾ ಮುಕ್ಕಾಲು ಗಂಟೆ ತುಳಿದೆವು. ಇದಾಗಿ ಹದಿನೈದು ದಿನವಾಯಿತು. ಇವತ್ತು ಬೆಳಿಗ್ಗೆ ಆ ತುಂಡಿನ ಮೂಲೆ ಎಳೆದೆ, ಬರಲಿಲ್ಲ. ಮೂರು ಇದ್ದದ್ದನ್ನು ಮೂರೂವರೆ ಮಾಡಿಕೊಳ್ಳಿ.